ನೆಟ್ ಹೋದ ಮಧ್ಯಾಹ್ನ

ಭಯದಲ್ಲಿ ಎರಡು ಬಗೆಯಿದೆ, ಹೇಳಿಕೊಳ್ಳಬಹುದಾದ ಭಯ ಮತ್ತು ಹೇಳಿಕೊಳ್ಳಲಾಗದ ಭಯ. ಹಾವಿನ ಭಯ, ಗುಡುಗಿನ ಭಯ, ಹೊಳೆ ತುಂಬಿ ಬಂದಾಗಿನ ಭಯ ಇವೆಲ್ಲ ಮರ್ಯಾದಸ್ತ ಭಯಗಳು. ಯಾರ ಮುಂದೆ ಬೇಕಾದರೂ ಹೇಳಬಹುದು. ಕೇಳಿದವರು ತಮ್ಮದೂ ಒಂದೆರಡನ್ನು ಸೇರಿಸುತ್ತಾರೆ, ಕಾಫಿ ಮುಗಿಯುವವರೆಗೆ ಮಾತಿಗೆ ಬರವಿರುವುದಿಲ್ಲ. ನನ್ನ ಭಯ ಆ ಸಾಲಿಗೆ ಸೇರುವಂಥದ್ದಲ್ಲ. ನೆಟ್ ನಿಧಾನವಾದಾಗ ಮೊಬೈಲ್ ಪರದೆಯ ನಡುವೆ ತನ್ನ ಪಾಡಿಗೆ ತಾನು ತಿರುಗುತ್ತ ನಿಲ್ಲುವ ಒಂದು ಸಣ್ಣ ಚಕ್ರವಿದೆಯಲ್ಲ, ನನಗೆ ಅದನ್ನು ಕಂಡರೆ ಭಯ. ಒಂದು ಹೆರಿಗೆ, ಒಂದು ಆಪರೇಷನ್, ಮೂರು ಬಾಡಿಗೆ ಮನೆ, ಮಗಳ ಮದುವೆ ಎಲ್ಲವನ್ನೂ ದಾಟಿ ಬಂದ ಐವತ್ತೆರಡರ ಹೆಂಗಸು ನಾನು. ಆ ಚಕ್ರ ಕಾಣಿಸಿತೆಂದರೆ ಯಾವತ್ತೂ ನೆನಪಾಗದ ಮನೆದೇವರು ಬಂದು ಕಣ್ಣ ಮುಂದೆ ನಿಲ್ಲುತ್ತಾನೆ.

ಇದಕ್ಕೆ ಕಾರಣ ಹೇಳಬೇಕಾದರೆ ನನ್ನ ಗುಟ್ಟನ್ನು ಹೇಳಬೇಕು. ನಾನು ಶೇರು ವ್ಯಾಪಾರ ಮಾಡುತ್ತೇನೆ. ಹೊನ್ನಾಳಿಯ ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ, ನನ್ನನ್ನು ಕುಚ್ಚು ಕಟ್ಟುವ ವನಜಕ್ಕ ಎಂದೇ ಹೇಳುತ್ತಾರೆ. ಸೀರೆಯ ಸೆರಗಿಗೆ ರೇಷ್ಮೆ ದಾರದ ಕುಚ್ಚು ಕಟ್ಟುವುದು ನನ್ನ ಇಪ್ಪತ್ತು ವರ್ಷದ ಕಸುಬು. ಮದುವೆ ಕಾಲ ಬಂತೆಂದರೆ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಗೆ ಕಟ್ಟಿ ಕಟ್ಟಿ ಕೂಡಿಟ್ಟ ದುಡ್ಡು ಬ್ಯಾಂಕಿನಲ್ಲಿ ಸುಮ್ಮನೆ ಕೂತಿತ್ತು. ಜಗಳೂರಿನಲ್ಲಿ ಗಂಡನ ಜೊತೆ ಔಷಧಿ ಅಂಗಡಿ ನಡೆಸುವ ಮಗಳು ರಶ್ಮಿ ಎರಡು ವರ್ಷದ ಹಿಂದೆ ಹಬ್ಬಕ್ಕೆ ಬಂದಿದ್ದಾಗ, ಊಟ ಮುಗಿಸಿ ಕೂತ ಅರ್ಧ ಗಂಟೆಯಲ್ಲಿ ನನ್ನ ಹೆಸರಿನಲ್ಲಿ ಒಂದು ಖಾತೆ ತೆರೆದುಕೊಟ್ಟಳು. ಒಳ್ಳೆಯ ಕಂಪನಿಯ ನಾಲ್ಕು ಶೇರು ಕೊಂಡು ವರ್ಷಾನುಗಟ್ಟಲೆ ಮರೆತುಬಿಡು ಎಂದು ಹೇಳಿದಳು. ಬೆಳಗ್ಗೆ ಕೊಂಡು ಸಂಜೆಗೆ ಮಾರುವ ದಿನದ ವ್ಯಾಪಾರಕ್ಕೆ ಮಾತ್ರ ಕೈ ಹಾಕಬೇಡವೆಂದು ನನ್ನ ಕೈ ಹಿಡಿದು ಭಾಷೆ ತೆಗೆದುಕೊಂಡಳು. ನಾನು ಭಾಷೆ ಕೊಟ್ಟೆ. ಆಮೇಲೆ ನಾಲ್ಕು ತಿಂಗಳು ಅದನ್ನು ಉಳಿಸಿಕೊಂಡೆ ಕೂಡ.

ಇದನ್ನು ಮನೆಯಲ್ಲಿ ಮುಚ್ಚಿಡಬೇಕಾಗಿ ಬಂದದ್ದು ನಮ್ಮ ಮಾವನವರಿಂದ. ಮಾವ ಈಗಿಲ್ಲ. ಇದ್ದಾಗ ಓಸಿ ಆಡುತ್ತಿದ್ದರು. ಚೀಟಿಯಲ್ಲಿ ಒಂದು ನಂಬರು ಬರೆಸಿ ದುಡ್ಡು ಕಟ್ಟುವುದು, ಆ ನಂಬರು ಬಂದರೆ ಬಂತು, ಇಲ್ಲದಿದ್ದರೆ ಹೋಯಿತು, ಅಂಥ ಜೂಜು. ಅವರ ಕಾಲದಲ್ಲಿ ಅದಕ್ಕೆ ಹೋದದ್ದು ಅತ್ತೆಯ ಬಳೆ ಮಾತ್ರವಲ್ಲ, ನಮ್ಮವರ ಕಾಲೇಜೂ ಹೋಯಿತು. ಹಾಗಾಗಿ ನಮ್ಮವರಿಗೆ ಅದೃಷ್ಟ ಎಂಬ ಶಬ್ದವೇ ಆಗದು. ಯಾರೋ ಸ್ನೇಹಿತರು ಒಮ್ಮೆ ಬಲವಂತವಾಗಿ ಲಾಟರಿ ಟಿಕೆಟ್ ಕೊಟ್ಟರೆ ಅದನ್ನು ಮನೆಗೂ ತರದೆ ಬಸ್ಸಿನ ಕಿಟಕಿಯಿಂದ ಎಸೆದು ಬಂದಿದ್ದರು. ಚನ್ನಗಿರಿಯ ಸರ್ಕಾರಿ ಕಚೇರಿಯೊಂದರಲ್ಲಿ ಅವರು ಗುಮಾಸ್ತರು. ಬೆಳಗ್ಗೆ ಎಂಟರ ಬಸ್ಸಿಗೆ ಹೋದರೆ ಸಂಜೆ ಏಳರ ಹೊತ್ತಿಗೆ ಬರುತ್ತಾರೆ. ಶೇರು ಪೇಟೆ ತೆರೆಯುವುದು ಒಂಬತ್ತೂಕಾಲಿಗೆ, ಮುಚ್ಚುವುದು ಮೂರೂವರೆಗೆ. ಆ ಪೇಟೆಯ ವೇಳೆ ಗೊತ್ತುಮಾಡಿದವರು ನಮ್ಮವರ ಬಸ್ಸಿನ ವೇಳೆಯನ್ನು ನೋಡಿಕೊಂಡೇ ಮಾಡಿರಬೇಕು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಇನ್ನು ನಮ್ಮ ಮನೆಯ ನೆಟ್ಟಿನ ವಿಷಯ. ಅದನ್ನು ಕೊಟ್ಟಿರುವುದು ಪಕ್ಕದ ಬೀದಿಯ ಕೇಬಲ್ ಪ್ರಕಾಶ. ಒಳ್ಳೆಯ ಮನುಷ್ಯ, ಅಕ್ಕ ಎಂದೇ ಕರೆಯುತ್ತಾನೆ, ನಲವತ್ತಾದರೂ ನಾಚಿಕೊಂಡೇ ಒಳಗೆ ಬರುತ್ತಾನೆ. ಅವನಲ್ಲಿ ಎಲ್ಲ ರೋಗಕ್ಕೂ ಒಂದೇ ಮದ್ದು. ಗೋಡೆಯ ಮೇಲಿನ ಆ ಡಬ್ಬಿಯನ್ನು ಆರಿಸಿ, ಐದು ನಿಮಿಷ ಬಿಟ್ಟು ಹಾಕಬೇಕು. ಅದಕ್ಕೂ ಬಗ್ಗದಿದ್ದರೆ ತಪ್ಪು ನ್ಯಾಮತಿಯದು. ಮೇನ್ ಲೈನು ಬರುವುದು ನ್ಯಾಮತಿ ಕಡೆಯಿಂದ, ಅಲ್ಲಿ ಮಳೆ ಬಂದರೂ ಇಲ್ಲಿ ನೆಟ್ ಇಲ್ಲ, ಅಲ್ಲಿ ಗಾಳಿ ಬೀಸಿದರೂ ಇಲ್ಲಿ ನೆಟ್ ಇಲ್ಲ. ನ್ಯಾಮತಿಯಲ್ಲಿ ನನಗೆ ಒಬ್ಬ ನೆಂಟರೂ ಇಲ್ಲ, ಆದರೂ ದಿನ ಬೆಳಗಾದರೆ ಆ ಊರಿನ ಹವಾಮಾನ ತಿಳಿದುಕೊಳ್ಳುವ ಹೆಂಗಸು ಹೊನ್ನಾಳಿಯಲ್ಲಿ ನಾನೊಬ್ಬಳೇ ಇದ್ದೇನು. ಪ್ರಕಾಶ ಬಂದು ನೋಡಿದಾಗಲೆಲ್ಲ ನೆಟ್ ಕುದುರೆಯಂತೆ ಓಡುತ್ತದೆ. ಅವನು ತನ್ನ ಮೊಬೈಲಿನಲ್ಲಿ ವೇಗ ಅಳೆದು ನನಗೆ ತೋರಿಸಿ, ನನ್ನ ಮುಖವನ್ನು ಸ್ವಲ್ಪ ಕನಿಕರದಿಂದ ನೋಡಿ ಹೋಗುತ್ತಾನೆ. ಅವನು ಗೇಟು ದಾಟುತ್ತಲೇ ಚಕ್ರ ತಿರುಗತೊಡಗುತ್ತದೆ.

ಸಿನಿಮಾ ನೋಡುವವರಿಗೆ ಚಕ್ರ ತಿರುಗಿದರೆ ಬೇಸರವಾಗುತ್ತದೆ, ಅಷ್ಟೆ. ದುಡ್ಡು ಹಾಕಿ ಕೂತವಳಿಗೆ ಹಾಗಲ್ಲ. ನಾನು ನೋಡುತ್ತಿರುವ ಬೆಲೆ ಈಗಿನದೋ, ಹತ್ತು ನಿಮಿಷದ ಹಿಂದಿನದೋ ಗೊತ್ತಾಗುವುದಿಲ್ಲ. ಒತ್ತಿದ ಗುಂಡಿ ಪೇಟೆಗೆ ತಲುಪಿತೋ, ದಾರಿಯಲ್ಲಿ ನ್ಯಾಮತಿಯಲ್ಲೇ ಇಳಿದುಕೊಂಡಿತೋ ಗೊತ್ತಾಗುವುದಿಲ್ಲ. ಆ ಗೊತ್ತಿಲ್ಲದ ಹೊತ್ತಿನಲ್ಲಿ ನಾನು ಕಟ್ಟಿದ ಕುಚ್ಚುಗಳನ್ನು ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಗಂಟು ಎಷ್ಟು ಬಿಗಿಯಾಗಿರುತ್ತದೆಂದರೆ ಸೀರೆ ಹರಿದರೂ ಕುಚ್ಚು ಉದುರುವುದಿಲ್ಲ. ನನ್ನ ಕುಚ್ಚು ಗಟ್ಟಿ ಎಂದು ಊರಲ್ಲಿ ಹೆಸರಿದೆ. ಅದರ ಹಿಂದಿರುವ ಕಾರಣ ಗಿರಾಕಿಗಳಿಗೆ ಗೊತ್ತಿಲ್ಲ.

ಆ ದಿನ ನಡೆದದ್ದನ್ನು ಹೇಳುವ ಮೊದಲು, ನಾನು ಹೊಸದಾಗಿ ಕಲಿತಿದ್ದ ಒಂದು ವಿದ್ಯೆಯ ಬಗ್ಗೆ ಹೇಳಬೇಕು. ಶೇರು ಪೇಟೆಯಲ್ಲಿ ನಮ್ಮಲ್ಲಿ ಇಲ್ಲದ್ದನ್ನು ಮೊದಲು ಮಾರಿ, ಆಮೇಲೆ ಅದೇ ದಿನ ಪೇಟೆ ಮುಚ್ಚುವುದರೊಳಗೆ ಕೊಳ್ಳಬಹುದು. ಪಕ್ಕದ ಮನೆಯವರ ಎಮ್ಮೆಯನ್ನು ಅವರಿಗೆ ಕಾಣದಂತೆ ಬೆಳಗ್ಗೆ ಹೆಚ್ಚಿನ ಬೆಲೆಗೆ ಮಾರಿ, ಮಧ್ಯಾಹ್ನ ಎಮ್ಮೆಯ ಬೆಲೆ ಇಳಿದಾಗ ಒಂದನ್ನು ಅಗ್ಗಕ್ಕೆ ಕೊಂಡು ತಂದು ಅವರ ಕೊಟ್ಟಿಗೆಯಲ್ಲಿ ಕಟ್ಟಿಬಿಡುವುದು ಎಂದುಕೊಳ್ಳಿ. ನಡುವಿನ ವ್ಯತ್ಯಾಸ ನಮ್ಮದು. ಬೆಲೆ ಇಳಿಯದೆ ಏರಿಬಿಟ್ಟರೆ ಏನು ಗತಿ ಎಂದು ಕೇಳಬೇಡಿ. ಅದನ್ನು ಕಲಿಸಿಕೊಟ್ಟ ವಿಡಿಯೋದಲ್ಲಿ ಆ ಭಾಗ ಬರುವ ಹೊತ್ತಿಗೆ ನಮ್ಮ ಮನೆಯ ನೆಟ್ ಹೋಗಿತ್ತು. ಎರಡು ಸಲ ಸಣ್ಣದಾಗಿ ಮಾಡಿ ನೋಡಿದೆ. ಎರಡು ಸಲವೂ ಒಂದು ವಾರದ ತರಕಾರಿಗಾಗುವಷ್ಟು ಬಂತು. ನನಗೆ ನನ್ನ ಬುದ್ಧಿಯ ಮೇಲೆ ಗೌರವ ಹುಟ್ಟಿತು. ಮೂರನೆಯ ಸಲ ಕೈ ತುಸು ಉದ್ದ ಮಾಡಿದೆ.

ಬೇಸಿಗೆಯ ಮಧ್ಯಾಹ್ನ, ಒಂದೂವರೆ ಗಂಟೆ ಇದ್ದೀತು. ಎಪ್ಪತ್ತೆಂಟರ ಅತ್ತೆ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ಒಳಕೋಣೆಯಲ್ಲಿ ಮದುವೆಯ ಸೀರೆಯೊಂದಕ್ಕೆ ಕುಚ್ಚು ಕಟ್ಟುತ್ತ, ಮೊಣಕಾಲಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ನೀರಿನ ಪಂಪು ಮಾಡುವ ಒಂದು ಕಂಪನಿಯ ಬೆಲೆ ನೋಡುತ್ತಿದ್ದೆ. ಅದು ಬೆಳಗಿನಿಂದ ಏರಿ ಏರಿ ಸುಸ್ತಾದಂತೆ ಕಂಡಿತು. ಇನ್ನು ಇಳಿಯಲೇಬೇಕೆಂದು ತೀರ್ಮಾನಿಸಿ, ನನ್ನಲ್ಲಿ ಒಂದೂ ಇಲ್ಲದ ಆ ಶೇರುಗಳಲ್ಲಿ ನೂರನ್ನು ಮಾರಲು ಗುಂಡಿ ಒತ್ತಿದೆ. ಚಕ್ರ ಬಂತು. ತಿರುಗಿತು. ತಾಳ್ಮೆಯಿಂದ ಕಾಯಬೇಕೆಂದು ರಶ್ಮಿ ಹೇಳಿದ್ದು ನೆನಪಿತ್ತು, ಆದರೆ ಬೆರಳಿಗೆ ನೆನಪಿರಲಿಲ್ಲ. ಇನ್ನೊಮ್ಮೆ ಒತ್ತಿದೆ. ಮತ್ತೆ ಒತ್ತಿದೆ. ನಾಲ್ಕನೆಯ ಸಲ ಒತ್ತಿದಾಗ ಪರದೆ ಬಿಳಿಯಾಗಿ, ಸಂಪರ್ಕವಿಲ್ಲ ಎಂಬ ಸಾಲು ಬಂತು. ತಲೆಯೆತ್ತಿ ಗೋಡೆ ನೋಡಿದರೆ ಡಬ್ಬಿಯಲ್ಲಿ ಹಸಿರು ಹೋಗಿ ಕೆಂಪು ದೀಪ ಉರಿಯುತ್ತಿತ್ತು.

ಈಗ ನನ್ನ ಸ್ಥಿತಿಯನ್ನು ಯೋಚಿಸಿ. ನಾನು ಒತ್ತಿದ್ದು ತಲುಪದೇ ಇದ್ದರೆ ಏನೂ ಆಗಿಲ್ಲ. ಒಮ್ಮೆ ತಲುಪಿದ್ದರೆ ಒಂದು ಎಮ್ಮೆ ಮಾರಿದ್ದೇನೆ, ಹೇಗೋ ಸುಧಾರಿಸಬಹುದು. ನಾಲ್ಕೂ ತಲುಪಿದ್ದರೆ, ಪಕ್ಕದ ಮನೆಯವರ ಒಂದೇ ಎಮ್ಮೆಯನ್ನು ನಾಲ್ಕು ಜನಕ್ಕೆ ಮಾರಿ ಕೂತಿದ್ದೇನೆ. ಎಮ್ಮೆಯ ಬೆಲೆ ಈಗ ಏರುತ್ತಿದೆಯೋ ಇಳಿಯುತ್ತಿದೆಯೋ ಅದೂ ಕಾಣುವುದಿಲ್ಲ. ಇಪ್ಪತ್ತು ವರ್ಷದ ಕುಚ್ಚಿನ ದುಡ್ಡು ಆ ಬಿಳಿ ಪರದೆಯ ಆಚೆಗೆ ಎಲ್ಲೋ ಕರಗುತ್ತಿರಬಹುದು, ಕರಗದೆಯೂ ಇರಬಹುದು. ಪೂರ್ತಿ ಮುಳುಗಿದ್ದೇನೆಂದು ಖಚಿತವಾಗಿದ್ದರೆ ಅತ್ತು ಹಗುರಾಗುತ್ತಿದ್ದೆ. ಅಳುವುದಕ್ಕೂ ಆಧಾರವಿರಲಿಲ್ಲ.

ಡಬ್ಬಿ ಆರಿಸಿ ಹಾಕಿದೆ. ಕೆಂಪು ದೀಪ ಇನ್ನೂ ಚೆನ್ನಾಗಿ ಉರಿಯಿತು. ಪ್ರಕಾಶನಿಗೆ ಫೋನು ಮಾಡಿದರೆ ಅವನು ಎಲ್ಲಿಯೋ ಗಾಳಿಯಲ್ಲಿ ನಿಂತು ಮಾತಾಡುತ್ತಿದ್ದ. "ನ್ಯಾಮತಿ ರೋಡಲ್ಲಿ ಪೈಪ್‌ಲೈನಿಗೆ ಗುಂಡಿ ತೆಗೆಯೋರು ಕೇಬಲ್ ಕಿತ್ತಾಕಿದಾರೆ ಅಕ್ಕ. ಜೋಡ್ಸಾಕೆ ಹತ್ತೀವಿ. ಸಂಜಿಗೆ ಬರ್ತೈತೆ, ಗಾಬರಿಯಾಗ್ಬ್ಯಾಡ್ರಿ" ಎಂದ. ಸೀರಿಯಲ್ ತಪ್ಪಿಹೋಗುತ್ತದೆಂದು ನಾನು ಕೇಳುತ್ತಿದ್ದೇನೆ ಎಂದು ಅವನು ತಿಳಿದಿದ್ದ. ಸಂಜೆಯ ಹೊತ್ತಿಗೆ ನೆಟ್ ಬರುತ್ತದೆ, ನಾನು ಇರುತ್ತೇನೋ ಇಲ್ಲವೋ ಎಂದು ಅವನಿಗೆ ಹೇಳುವಂತಿರಲಿಲ್ಲ.

ನಮ್ಮ ಮನೆ ಹಳೆಯ ಕಾಲದ ದಪ್ಪ ಗೋಡೆಯದು. ಒಳಗೆ ಮೊಬೈಲಿನ ಸ್ವಂತ ನೆಟ್ ಹಿಡಿಯುವುದೇ ಇಲ್ಲ, ಮಾತೂ ತುಂಡು ತುಂಡಾಗಿ ಬರುತ್ತದೆ. ತಾರಸಿಗೆ ಓಡಿದೆ. ಎರಡು ಗಂಟೆಯ ಬಿಸಿಲಿನಲ್ಲಿ, ಹೆಗಲ ಮೇಲೆ ಕೆಂಪು ರೇಷ್ಮೆ ದಾರದ ಲಡಿ, ಕಾಲಲ್ಲಿ ಚಪ್ಪಲಿಯಿಲ್ಲ. ಕಾದ ಸಿಮೆಂಟಿನ ಮೇಲೆ ಒಂದು ಕಾಲು ಎತ್ತಿ ಒಂದು ಕಾಲು ಇಡುತ್ತ, ಮೊಬೈಲನ್ನು ನಾಲ್ಕು ದಿಕ್ಕಿಗೂ ಹಿಡಿದು ತೋರಿಸುತ್ತ ನಡೆದೆ. ನೀರಿನ ಟ್ಯಾಂಕಿನ ಪಕ್ಕ ಒಂದು ಕಡ್ಡಿ ಸಿಗ್ನಲ್ ಸಿಕ್ಕಿತು. ಆ್ಯಪ್ ತೆರೆದೆ. ಅದು ನನ್ನನ್ನು ಯಾವತ್ತೂ ನೋಡಿಯೇ ಇಲ್ಲವೆಂಬಂತೆ ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಓಟಿಪಿ ಕೇಳಿತು. ಅದು ಬರುವಷ್ಟರಲ್ಲಿ ಕೊಟ್ಟ ಸಮಯ ಮುಗಿದಿತ್ತು. ಇನ್ನೊಂದು ತರಿಸಿದೆ. ಎರಡನೆಯದು ಎಂದುಕೊಂಡು ನಾನು ಹಾಕಿದ್ದು ತಡವಾಗಿ ಬಂದ ಮೊದಲನೆಯದನ್ನು. ಮೂರನೆಯ ಸಲ ಅವಸರದಲ್ಲಿ ಒಂದು ಅಂಕಿ ತಪ್ಪಿತು. ಸುರಕ್ಷತೆಯ ಕಾರಣದಿಂದ ನಿಮ್ಮ ಖಾತೆಯನ್ನು ಸದ್ಯಕ್ಕೆ ಮುಚ್ಚಲಾಗಿದೆ ಎಂದು ಬಂತು. ನನ್ನ ದುಡ್ಡನ್ನು ನನ್ನಿಂದಲೇ ಕಾಪಾಡುವ ಆ ಬುದ್ಧಿ ಆ್ಯಪಿಗೆ ಬೆಳಗ್ಗೆಯೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು, ನಿಜ ಹೇಳುತ್ತೇನೆ, ಆ ಸಂಕಟದಲ್ಲೂ ಅನ್ನಿಸಿತು.

ಉಳಿದದ್ದು ಒಂದೇ ದಾರಿ. ಕ್ಯಾಲೆಂಡರಿನ ಹಿಂಬದಿಗೆ ರಶ್ಮಿ ಆ ಶೇರು ಕಂಪನಿಯ ಸಹಾಯವಾಣಿಯ ನಂಬರು ಬರೆದಿಟ್ಟಿದ್ದಳು. ನನ್ನ ಮೊಬೈಲಿನಿಂದ ಮಾಡಿದೆ. ಎರಡು ಸಲ ಸಂಗೀತ ಕೇಳಿಸಿ ಕಡಿದುಹೋಯಿತು, ಮೂರನೆಯ ಸಲ ಸಂಗೀತವೂ ಇಲ್ಲ. ರಶ್ಮಿಗೇ ಮಾಡೋಣವೆಂದರೆ ಕೊಟ್ಟ ಭಾಷೆ ಅಡ್ಡ ಬಂತು. ಆಗ ನೆನಪಾದದ್ದು ಅತ್ತೆಯ ಬಟನ್ ಫೋನು. ಅದರ ಸಿಮ್ ಬೇರೆ ಕಂಪನಿಯದು, ಹಿತ್ತಲು, ಬಚ್ಚಲು, ಅಟ್ಟ ಎಲ್ಲೆಂದರಲ್ಲಿ ಸಿಗ್ನಲ್ ಸಿಗುತ್ತದೆ. ಆದರೆ ಅದು ಇರುವುದು ಅವರ ಸೊಂಟದ ಎಲೆಅಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಜೊತೆ. ಕೇಳದೆ ತೆಗೆಯುವಂತಿಲ್ಲ. ಕೇಳಿದರೆ ಯಾಕೆಂದು ಕೇಳದೆ ಕೊಡುವವರಲ್ಲ.

ಪಡಸಾಲೆಗೆ ಬಂದು, ಅತ್ತೆ, ಒಂದು ಫೋನು ಮಾಡಬೇಕಿತ್ತು ಎಂದೆ. ಅವರು ನನ್ನ ಬರಿಗಾಲು, ಬೆವರಿದ ಮುಖ, ಹೆಗಲ ಮೇಲಿನ ದಾರ ಎಲ್ಲವನ್ನೂ ನಿಧಾನವಾಗಿ ನೋಡಿ, ಹುಣಸೆಹಣ್ಣನ್ನು ಮೊರದಲ್ಲಿಟ್ಟರು.

"ಮೊದ್ಲು ಕೂತ್ಕ. ಏನಾಗೈತೆ ಹೇಳು."

ಸುಳ್ಳು ಹುಡುಕುವಷ್ಟು ಸಮಯವಿರಲಿಲ್ಲ. ಗೋಡೆಯ ಗಡಿಯಾರ ಎರಡೂಮುಕ್ಕಾಲು ತೋರಿಸುತ್ತಿತ್ತು. ಕಂಬಕ್ಕೆ ಒರಗಿ ನೆಲದ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ. ಕುಚ್ಚಿನ ದುಡ್ಡು, ಖಾತೆ, ಪಂಪಿನ ಕಂಪನಿ, ನಾಲ್ಕು ಸಲ ಒತ್ತಿದ್ದು. ಎಮ್ಮೆಯ ಕತೆಯನ್ನೂ ಸೇರಿಸಿ ಹೇಳಿದೆ, ಇಲ್ಲದಿದ್ದರೆ ಅವರಿಗೆ ಅರ್ಥವಾಗುವುದಿಲ್ಲವೆಂದು. ಅವರು ಅರ್ಥವಾಗದ್ದನ್ನು ಕೇಳುವವರಂತೆ ಕೂರಲಿಲ್ಲ. ಬಹಳ ವರ್ಷ ಕೇಳಿ ಬಲ್ಲದ್ದನ್ನು ಮತ್ತೆ ಕೇಳುವವರಂತೆ ಕೂತಿದ್ದರು.

"ನಿಮ್ಮ ಮಾವ ನಂಬರು ಬರೋತನ ಇದೇ ಕಂಬಕ್ಕೆ ಒರಗಿ ಕೂರ್ತಿದ್ರು" ಎಂದರು. "ಇದೇ ಮುಖ. ನಾನು ಇದನ್ನ ಇನ್ನೊಂದು ಸಲ ನೋಡ್ತೀನಿ ಅಂದ್ಕಂಡಿರಲಿಲ್ಲ."

ಅವರು ಬೈದಿದ್ದರೆ ಸಹಿಸಬಹುದಿತ್ತು. ನನ್ನನ್ನು ಯಾರೂ ಯಾವತ್ತೂ ಮಾವನವರಿಗೆ ಹೋಲಿಸಿರಲಿಲ್ಲ. ಅವರ ಕತೆ ಬಂದಾಗಲೆಲ್ಲ ಅತ್ತೆಯ ಪರವಾಗಿ ಎಲ್ಲರಿಗಿಂತ ಹೆಚ್ಚು ಸಿಟ್ಟಾಗುತ್ತಿದ್ದವಳು ನಾನೇ. ಶೇರು ಎಂದರೆ ಜೂಜಲ್ಲ ಅತ್ತೆ, ಅದು ಬೇರೆ ಎಂದು ಹೇಳಲು ಬಾಯಿ ತೆರೆದೆ. ಕಂಬ ಬೆನ್ನಿಗೆ ಒತ್ತುತ್ತಿತ್ತು.

ಅವರು ಸಂಚಿ ಬಿಚ್ಚಿ ಫೋನು ತೆಗೆದು, ಸೆರಗಿನಿಂದ ಸುಣ್ಣ ಒರೆಸಿ ನನ್ನ ಕೈಗಿಟ್ಟರು. "ತಗ. ಹೋಗಿರೋದು ಎಷ್ಟು ಅಂತ ಮೊದ್ಲು ಕೇಳ್ಕ. ಹೆದ್ರಾಕೆ ಆಮೇಲೆ ಟೈಮ್ ಐತೆ."

ಸಹಾಯವಾಣಿಯಲ್ಲಿ ಕನ್ನಡಕ್ಕೆ ನಾಲ್ಕು ಒತ್ತಬೇಕಿತ್ತು. ಅತ್ತೆಯ ಫೋನಿನಲ್ಲಿ ನಾಲ್ಕರ ಗುಂಡಿ ಸುಣ್ಣ ಕೂತು ಗಟ್ಟಿಯಾಗಿತ್ತು. ಮೊದಲ ಸಲ ಐದಕ್ಕೆ ಬೆರಳು ತಾಗಿ ಯಾವುದೋ ಭಾಷೆಯವರು ಬಂದು ಏನೋ ಕೇಳಿದರು, ಇಟ್ಟುಬಿಟ್ಟೆ. ಎರಡನೆಯ ಸಲ ಕುಚ್ಚಿನ ಸೂಜಿಯ ಹಿಂಬದಿಯಿಂದ ಒತ್ತಿದೆ. ಸಂಗೀತ ಶುರುವಾಯಿತು. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ನಡುನಡುವೆ ಹೇಳುತ್ತಿದ್ದರು. ಅತ್ತೆ ಮತ್ತೆ ಬೀಜ ಬಿಡಿಸತೊಡಗಿದರು, ಆದರೆ ಕಿವಿ ಇತ್ತಲೇ ಇತ್ತು. ಮೂರು ಗಂಟೆಗೆ ಮೂರು ನಿಮಿಷವಿದ್ದಾಗ ಒಬ್ಬ ಹುಡುಗಿ ಬಂದಳು. ಬೆಂಗಳೂರಿನ ಕಡೆಯ ನಯವಾದ ಮಾತು. ನನ್ನ ಹೆಸರು, ಹುಟ್ಟಿದ ದಿನ, ಪ್ಯಾನ್ ನಂಬರು ಒಂದೊಂದಾಗಿ ಕೇಳಿದಳು. ಗಾಬರಿಗೆ ಹುಟ್ಟಿದ ದಿನವನ್ನೇ ಎರಡು ಸಲ ತಪ್ಪಾಗಿ ಹೇಳಿದೆ. ಆಮೇಲೆ ಅವಳು ಖಾತೆಗೆ ಕೊಟ್ಟಿರುವ ಇಮೇಲ್ ವಿಳಾಸ ಹೇಳಬೇಕೆಂದಳು. ನನಗೆ ಇಮೇಲ್ ಎಂಬುದೇ ಇಲ್ಲ ತಾಯಿ ಎಂದೆ. ಕೊಟ್ಟಿದ್ದೀರಿ ಮೇಡಂ, ಅದಿಲ್ಲದೆ ಖಾತೆ ತೆರೆಯಲು ಆಗುವುದಿಲ್ಲ ಎಂದಳು. ನಮ್ಮ ಮನೆಯಲ್ಲಿರುವುದು ಒಂದೇ ಇಮೇಲ್, ಗ್ಯಾಸಿಗೂ ಕರೆಂಟಿಗೂ ಅದನ್ನೇ ಕೊಡುವುದು, ರಶ್ಮಿಯೂ ಅದನ್ನೇ ಕೊಟ್ಟಿರಬೇಕು. ಅದನ್ನು ಅಕ್ಷರ ಅಕ್ಷರವಾಗಿ ಹೇಳಿದೆ. ಸರಿಯಾಗಿದೆ ಎಂದಳು.

ನಾನು ನಡೆದದ್ದನ್ನು ವಿವರಿಸಿದೆ. ಅವಳು ಏನನ್ನೋ ಟಕಟಕ ಒತ್ತಿ ನೋಡಿದಳು.

"ಮೇಡಂ, ಇವತ್ತು ನಿಮ್ಮ ಖಾತೆಯಿಂದ ಒಂದು ಆರ್ಡರೂ ನಮಗೆ ತಲುಪಿಲ್ಲ. ನೀವು ಏನನ್ನೂ ಮಾರಿಲ್ಲ."

ಇನ್ನೊಮ್ಮೆ ಹೇಳಿಸಿದೆ. ಇನ್ನೊಮ್ಮೆ ಹೇಳಿದಳು. ನಾಲ್ಕಕ್ಕೆ ನಾಲ್ಕೂ ದಾರಿಯಲ್ಲೇ ಉಳಿದಿದ್ದವು. ನ್ಯಾಮತಿ ರೋಡಿನಲ್ಲಿ ಗುಂಡಿ ತೆಗೆದ ಆ ಪುಣ್ಯಾತ್ಮರ ಹೆಸರು ಗೊತ್ತಿದ್ದರೆ ಅವರಿಗೆ ಹೋಳಿಗೆ ಕಳಿಸಿಕೊಡುತ್ತಿದ್ದೆ. ಕಣ್ಣಲ್ಲಿ ನೀರು ಬಂತು. ಏನಂತೆ ಎಂದು ಅತ್ತೆ ಹುಬ್ಬಿನಲ್ಲೇ ಕೇಳಿದರು. ಏನೂ ಆಗಿಲ್ಲವೆಂದು ಕೈ ಆಡಿಸಿದೆ. ಒಂದೂವರೆ ಗಂಟೆ ನಾನು ಹೆದರಿದ್ದೆಲ್ಲ ನಡೆಯದೇ ಇದ್ದ ಸಂಗತಿಗೆ.

ಆ ನೆಮ್ಮದಿ ಎಷ್ಟು ಹೊತ್ತು ಇತ್ತು ಎಂದು ಕೇಳಿದರೆ, ಆ ಹುಡುಗಿ ಬೇರೇನಾದರೂ ಸಹಾಯ ಬೇಕೇ ಎಂದು ಕೇಳುವವರೆಗೆ. ನೆಮ್ಮದಿಯಲ್ಲಿ ಬುದ್ಧಿ ಕೆಲಸ ಮಾಡತೊಡಗುತ್ತದಲ್ಲ, ಹಾಗೆ ಒಂದು ಪ್ರಶ್ನೆ ಹೊಳೆಯಿತು. ನಾನು ಈಗ ಹೇಳಿದ ಇಮೇಲ್ ನಮ್ಮವರದು. ಅದಕ್ಕೆ ನೀವೇನಾದರೂ ಕಳಿಸುತ್ತೀರಾ ಎಂದು ಕೇಳಿದೆ.

"ಹೌದು ಮೇಡಂ, ನೀವು ವ್ಯಾಪಾರ ಮಾಡಿದ ಪ್ರತಿ ದಿನದ ವಿವರ ಸಂಜೆ ಹೋಗುತ್ತೆ. ಏನು ಕೊಂಡಿರಿ, ಏನು ಮಾರಿದಿರಿ, ಎಷ್ಟಕ್ಕೆ, ಎಲ್ಲಾನೂ. ಒಂದು ದಿನಾನೂ ತಪ್ಪಿಲ್ಲ" ಎಂದಳು, ಒಳ್ಳೆಯ ಸುದ್ದಿ ಹೇಳುವ ದನಿಯಲ್ಲಿ.

ಎರಡು ವರ್ಷ. ಒಂದು ದಿನವೂ ತಪ್ಪಿಲ್ಲ. ಫೋನು ಅತ್ತೆಗೆ ಕೊಟ್ಟು ಅಲ್ಲೇ ಕೂತೆ. ದುಡ್ಡು ಹೋಯಿತೆಂಬ ಭಯಕ್ಕೆ ಒಂದು ಅಂಕಿ ಸಂಖ್ಯೆ ಇರುತ್ತದೆ. ಈ ಭಯಕ್ಕೆ ಅದೂ ಇರಲಿಲ್ಲ. ಮೂರೂವರೆಗೆ ಪೇಟೆ ಮುಚ್ಚಿತು, ಐದು ಗಂಟೆಗೆ ನೆಟ್ ಬಂದು ಡಬ್ಬಿಯಲ್ಲಿ ಹಸಿರು ದೀಪ ಹೊತ್ತಿತು, ನಾನು ಅತ್ತ ತಿರುಗಿಯೂ ನೋಡಲಿಲ್ಲ. ಎರಡು ವರ್ಷದ ಸಂಜೆಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಕೆಲವು ದಿನ ಅವರು ಬಂದ ತಕ್ಷಣ ಮಾತಾಡದೆ ಮುಖ ತೊಳೆಯಲು ಹೋಗುತ್ತಿದ್ದರು. ಕಚೇರಿಯಲ್ಲಿ ಬೈಸಿಕೊಂಡಿರಬೇಕೆಂದು ನಾನು ಕೇಳುತ್ತಿರಲಿಲ್ಲ. ಕೆಲವು ದಿನ ಬಸ್‌ಸ್ಟ್ಯಾಂಡಿನಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬರುತ್ತಿದ್ದರು. ಅದು ನಾನು ಗಳಿಸಿದ ದಿನವೋ, ಕಳೆದ ದಿನವೋ? ಎಷ್ಟು ತಲೆ ಕೆಡಿಸಿಕೊಂಡರೂ ತಾಳೆಯಾಗಲಿಲ್ಲ. ಒಮ್ಮೊಮ್ಮೆ ಅವರು ಮೇಲ್ ನೋಡುವುದೇ ಇಲ್ಲ, ಗ್ಯಾಸಿನ ಬಿಲ್ಲುಗಳ ಅಡಿಯಲ್ಲಿ ಎಲ್ಲ ಹೂತುಹೋಗಿದೆ ಎಂದು ಧೈರ್ಯ ಬರುತ್ತಿತ್ತು. ಮರುಕ್ಷಣ, ಸರ್ಕಾರಿ ಗುಮಾಸ್ತರು ಬಂದ ಕಾಗದವನ್ನು ಓದದೆ ಇರುತ್ತಾರೆಯೇ ಎಂದು ಆ ಧೈರ್ಯ ಕುಸಿಯುತ್ತಿತ್ತು.

ಏಳಕ್ಕೆ ಗೇಟಿನ ಸದ್ದಾಯಿತು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಬ್ಯಾಗು ಮೊಳೆಗೆ ಹಾಕಿ ಎಂದಿನಂತೆ ಕುರ್ಚಿಯಲ್ಲಿ ಕೂತರು. ಅತ್ತೆ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದರು. ಹೋಗುವಾಗ ನನ್ನನ್ನು ಒಮ್ಮೆ ನೋಡಿದರು, ಅಷ್ಟೆ. ಚಹಾ ಲೋಟ ಅವರ ಕೈಗೆ ಕೊಟ್ಟು ನಿಂತೆ. ಹೇಗೆ ಶುರು ಮಾಡಬೇಕೆಂದು ಸಂಜೆಯಿಂದ ಹತ್ತು ಬಗೆಯಲ್ಲಿ ಯೋಚಿಸಿಟ್ಟಿದ್ದೆ. ಬಾಯಿಂದ ಬಂದದ್ದು ಹನ್ನೊಂದನೆಯದು.

"ರೀ, ನಿಮ್ಮ ಮೇಲಿಗೆ ನನ್ನವು ಏನಾದ್ರೂ ಬರ್ತಾವೇನ್ರಿ?"

ಅವರು ಚಹಾ ಒಂದು ಗುಟುಕು ಕುಡಿದರು. "ಬರ್ತಾವೆ. ಇವತ್ತು ಬಂದಿಲ್ಲ" ಎಂದರು.

ಅವರು ಸಿಟ್ಟಾಗಿರಲಿಲ್ಲ. ತಲೆ ತಗ್ಗಿಸಿ ಲೋಟ ನೋಡುತ್ತ, ಕಚೇರಿಯ ಟಿಪ್ಪಣಿ ಓದುವ ಹಾಗೆ ಒಂದೇ ದನಿಯಲ್ಲಿ ಹೇಳುತ್ತ ಹೋದರು. ಮೊದಲ ಸಲ ಬಂದಾಗ ಮೋಸದ ಮೇಲ್ ಎಂದುಕೊಂಡಿದ್ದರಂತೆ. ತೆರೆಯಲು ನನ್ನ ಪ್ಯಾನ್ ನಂಬರೇ ಕೀಲಿ. ಆ ಕಾರ್ಡನ್ನು ಮಾಡಿಸಿಕೊಟ್ಟವರು ಅವರೇ, ನಂಬರು ಬಾಯಿಪಾಠ. ಅಂದಿನಿಂದ ಪ್ರತಿ ಸಂಜೆ ಚನ್ನಗಿರಿಯಲ್ಲಿ ಬಸ್ ಹತ್ತಿ, ಕಿಟಕಿ ಪಕ್ಕ ಕೂತು ಅದನ್ನು ತೆರೆಯುತ್ತಿದ್ದರಂತೆ. ಬಸ್ ಊರು ಬಿಟ್ಟ ಮೇಲೆ ಸ್ವಲ್ಪ ದೂರ ಸಿಗ್ನಲ್ ಇರುವುದಿಲ್ಲ. ಒಮ್ಮೊಮ್ಮೆ ಅರ್ಧ ತೆರೆದು ನಿಂತುಬಿಡುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ. ಇವತ್ತು ಎಷ್ಟು ಹೋಗಿದೆಯೋ ಎಂದು ಹೊನ್ನಾಳಿ ಮುಟ್ಟುವ ತನಕ ಕೈ ಬೆವರುತ್ತಿತ್ತು ಎಂದರು. ಆ ಚಕ್ರಕ್ಕೆ ಹೆದರುವವಳು ಭೂಮಿಯ ಮೇಲೆ ನಾನೊಬ್ಬಳೇ ಎಂದು ತಿಳಿದಿದ್ದೆ. ಎರಡು ವರ್ಷದಿಂದ ನನ್ನ ಗಂಡ ಅದೇ ಚಕ್ರವನ್ನು ನೋಡುತ್ತ, ನನ್ನ ಪಾಲಿನದನ್ನೂ ಸೇರಿಸಿ ಹೆದರುತ್ತ ಬಸ್ಸಿನಲ್ಲಿ ಕೂತಿದ್ದರು.

"ಒಂದು ಮಾತು ಕೇಳಬೌದಿತ್ತಲ್ರಿ" ಎಂದೆ.

"ಅಪ್ಪನ್ನ ಕೇಳ್ತಿದ್ದೆ. ಚಿಕ್ಕವನಿದ್ದಾಗ ದಿನಾ ಕೇಳ್ತಿದ್ದೆ, ಇವತ್ತು ಆಡಿದ್ರಾ ಅಂತ. ಅವರು ಮುಖ ನೋಡ್ಕಂಡೇ ಇಲ್ಲ ಅಂತಿದ್ರು." ಲೋಟವನ್ನು ಕೈಯಲ್ಲೇ ಒಮ್ಮೆ ತಿರುಗಿಸಿದರು. "ನೀನೂ ಹಂಗೇ ಅಂದ್ರೆ ಹೆಂಗೆ ಅಂತ ಕೇಳಾಕೆ ಭಯ ಆಯ್ತು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ನಾನು ಅವರ ಕಾಲ ಬಳಿ ಕೂತೆ. ಇಲ್ಲದ್ದನ್ನು ಮಾರುವ ಆ ವಿದ್ಯೆಯನ್ನು ಇನ್ನು ಮುಟ್ಟುವುದಿಲ್ಲ, ದಿನದ ವ್ಯಾಪಾರ ಬೇಡ, ಇರುವ ನಾಲ್ಕು ಶೇರು ಇಟ್ಟುಕೊಂಡು ಸುಮ್ಮನಿರುತ್ತೇನೆ ಎಂದೆ. ಮಧ್ಯಾಹ್ನ ನಡೆದದ್ದನ್ನೂ, ಅತ್ತೆ ಹೇಳಿದ ಮಾತನ್ನೂ ಬಿಡದೆ ಹೇಳಿದೆ. ಅಷ್ಟು ಹಗುರವಾಗಿ ನಾನು ಎರಡು ವರ್ಷದಲ್ಲಿ ಉಸಿರಾಡಿರಲಿಲ್ಲ. ಅವರೂ ಕುರ್ಚಿಗೆ ಬೆನ್ನು ಕೊಟ್ಟು ಮೊದಲ ಸಲ ನನ್ನ ಮುಖ ನೋಡಿದರು. ಒಟ್ಟಿನಲ್ಲಿ ಹೋದದ್ದು ಹೆಚ್ಚೇನಿಲ್ಲ, ಬಂದದ್ದೂ ಹೆಚ್ಚೇನಿಲ್ಲ, ಲೆಕ್ಕ ನೋಡಿದ್ದೇನೆ ಎಂದು ಸಮಾಧಾನ ಹೇಳಿದರು. ಆಮೇಲೆ ಲೋಟ ಕೆಳಗಿಟ್ಟು, ಸ್ವಲ್ಪ ಸಂಕೋಚದಿಂದ, ಬಹಳ ದಿನದಿಂದ ಕೇಳಬೇಕೆಂದಿದ್ದವರಂತೆ ಒಂದು ಪ್ರಶ್ನೆ ಕೇಳಿದರು.

"ಹೋದ ತಿಂಗ್ಳು ಆ ಬಟ್ಟೆ ಕಂಪನೀದು ಎಲ್ಲಾನೂ ಒಂದೇ ಸಲಕ್ಕೆ ಮಾರ್ಬಿಟ್ಯಲ್ಲ, ಯಾಕೆ? ಮರುದಿನ ಅದು ಎಷ್ಟು ಮೇಲೆ ಹೋಯ್ತು ಗೊತ್ತಾ?"

ಗೊತ್ತಿತ್ತು. ಆ ದಿನ ನಾನು ಮಾರಲು ಹೊರಟಿರಲೇ ಇಲ್ಲ, ಇನ್ನೂ ಐದು ಕೊಳ್ಳಲು ಹೊರಟಿದ್ದೆ. ನೆಟ್ ನಿಂತು ನಿಂತು ಬರುತ್ತಿತ್ತು, ಗಾಬರಿಯಲ್ಲಿ ಪಕ್ಕದ, ಇದ್ದದ್ದನ್ನೆಲ್ಲ ಮಾರುವ ಗುಂಡಿ ಒತ್ತಿದ್ದೆ. ಅದನ್ನು ಈಗ ಹೇಳಿಬಿಡಬಹುದಿತ್ತು. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಜನ್ಮದಲ್ಲಿ ಬರುವಂತಿರಲಿಲ್ಲ.

"ಯೋಚ್ನೆ ಮಾಡೇ ಮಾರಿದ್ದು ರೀ" ಎಂದೆ, ಅವರ ಮುಖ ನೋಡಿಕೊಂಡೇ.

ಆ ಸುಳ್ಳಿಗೆ ತಡೆಯಿಲ್ಲ, ತೊಡಕಿಲ್ಲ, ಒಂದು ಕ್ಷಣದ ಕಾಯುವಿಕೆಯೂ ಇಲ್ಲ. ನಮ್ಮ ಮನೆಯಲ್ಲಿ ಯಾವುದೇ ಸಂಗತಿ ಇಷ್ಟು ವೇಗವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಿದ್ದನ್ನು ನಾನು ಈವರೆಗೆ ಕಂಡಿಲ್ಲ. ಅವರು ಹೌದಾ ಎಂದು ತಲೆಯಾಡಿಸಿ, ಖಾಲಿ ಲೋಟವನ್ನು ಮತ್ತೆ ಕೈಗೆತ್ತಿಕೊಂಡು ನೋಡಿದರು.